ಉಪದೇಶವೂ ಯಥಾರ್ಥವೂ

ಗುರುವಾದವನು ಶಿಷ್ಯನಿಗೆ ಯಥಾರ್ಥವಲ್ಲದ ಮಾತನ್ನು ಹೇಳಬಹುದೇ? ಆ ಮಾತಿನಿಂದ ಶಿಷ್ಯನಿಗೆ ಹಿತವುಂಟಾದ ಪಕ್ಷದಲ್ಲಿ ಅದನ್ನು ಸುಳ್ಳೆಂದು ತಳ್ಳಬೇಕೇ, ಉಪದೇಶವೆಂದು ಮನ್ನಿಸಬೇಕೇ? ಇಂಥ ಪ್ರಶ್ನೆಗಳು ಪಂಡಿತರ ವಾಕ್ಯಾರ್ಥಸಭೆಗಳಲ್ಲಿ ಮಾತ್ರ ಹುಟ್ಟತಕ್ಕವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ವಾಸ್ತವದಲ್ಲಿ ಅವು ಪಾಠಶಾಲೆಯಲ್ಲಿ, ಗರಡಿಯಲ್ಲಿ, ಸಂಗೀತದ ಮನೆಯಲ್ಲಿ, ಆಟದ ಬಯಲಿನಲ್ಲಿ ಪ್ರತಿದಿನವೂ ಹುಟ್ಟುತ್ತಿರುವುವು. ದೊಡ್ಡ ವಿಚಾರವನ್ನು ಚಿಕ್ಕ ಉದಾಹರಣೆಯಲ್ಲಿಟ್ಟು ನೋಡುವುದರಿಂದ ಒಂದು ಪ್ರಯೋಜನವಿದೆ. ಅಲ್ಲಿ ಮಾತಿನ ಆಡಂಬರಕ್ಕೆ ಎಡೆಯಿಲ್ಲ. ಹೇಳಿದ್ದು ಫಲಿಸಿತೇ ಇಲ್ಲವೇ ಎಂಬುದು ಒಡನೆಯೇ ಕಣ್ಣಿಗೆ ಕಾಣುವುದು. ಅಂಥ ಉದಾಹರಣೆಗಳಲ್ಲಿ ಒಂದು, ಗಾಲ್ಫ್ ಆಟದಲ್ಲಿ ಕೋಲನ್ನು ಬೀಸುವ ವಿದ್ಯೆ.

ಈ ಆಟವು ಬೆಂಗಳೂರಿಗೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪಿತವಾದದ್ದು ೧೮೭೬ರಲ್ಲಿ. ಎಂದರೆ, ಚಾಮರಾಜಪೇಟೆಯ ಬೀದಿಗಳನ್ನೂ, ೧೮೯೮ರ ಪ್ಲೇಗು ಮಾರಿಯ ತರುವಾಯ ಬೆಳೆದ ಬಸವನಗುಡಿ ಮಲ್ಲೇಶ್ವರಗಳನ್ನೂ ಅಳೆದು ಗುರುತುಹಾಕುವುದಕ್ಕೆ ಮೊದಲೇ. ಮಲ್ಲೇಶ್ವರಕ್ಕೆ ದೂರವಲ್ಲದ ಹೈಗ್ರೌಂಡ್ಸಿನಲ್ಲಿ ಅದರ ಹಸುರು ಬಯಲು ಇಂದಿಗೂ ಇದೆ. ಬಹುಕಾಲ ಅದು ಆಂಗ್ಲ ಅಧಿಕಾರಿಗಳ ವಿನೋದವಾಗಿತ್ತು. ಪೇಟೆಯ ಜನಕ್ಕೆ ಬೇಲಿಯಾಚೆಯ ನೋಟವಾಗಿತ್ತು. ಈಗ ಹಾಗಿಲ್ಲ. ಬೆಂಗಳೂರಿನಲ್ಲಿ ಆಟ ಕಲಿತ ಅದಿತಿ ಅಶೋಕ್ ಅವರು ೨೦೨೧ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನವನ್ನು ಪಡೆದರು. ಪದಕಕ್ಕೂ ಅವರಿಗೂ ನಡುವೆ ಉಳಿದದ್ದು ಒಂದೇ ಒಂದು ಹೊಡೆತ.

ಕಲಿಯಬಂದವನಿಗೆ ಈ ಆಟ ಮೊದಲು ಬಲು ಸುಲಭವಾಗಿ ತೋರುವುದು. ಚೆಂಡು ನೆಲದ ಮೇಲೆ ಅಲುಗದೆ ಕುಳಿತಿದೆ. ಎದುರಾಳಿ ಯಾವನೂ ಅದನ್ನು ಎಸೆಯುವುದಿಲ್ಲ. ಅದರ ತೂಕ ೪೬ ಗ್ರಾಮನ್ನು ಮುಟ್ಟುವುದಿಲ್ಲ. ತೋಳಿನಲ್ಲಿ ಬಲವುಳ್ಳವನಿಗೆ ಇದೇನು ಮಹತ್ಕಾರ್ಯವೆಂದುಕೊಂಡು ಅವನು ಕೋಲೆತ್ತಿ ಬಡಿಯುವನು. ಚೆಂಡು ಬಲಕ್ಕೆ ಬಾಗಿ ಪೊದೆ ಸೇರುವುದು. ನಾಚಿಕೊಂಡು ಇನ್ನೂ ಬಲವಾಗಿ ಬಡಿದರೆ ಇನ್ನೂ ಹೆಚ್ಚಾಗಿ ಬಾಗುವುದು. ಬಲವೇ ಬಲಕ್ಕೆ ವೈರಿಯಾದ ಈ ವಿಚಿತ್ರವನ್ನು ಕಂಡು ಅವನು ಗುರುವನ್ನು ಆಶ್ರಯಿಸುವನು.

ಕನ್ನಡ ಭಾಷೆಯು ಈ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ತಾನಾಗಿಯೇ ತಿಳಿಸುತ್ತದೆ. ಹೊಡೆಯುವುದು ಬೇರೆ, ಬೀಸುವುದು ಬೇರೆ. ಗಾಳಿ ಬೀಸುತ್ತದೆ, ಬೆಸ್ತನು ಬಲೆ ಬೀಸುತ್ತಾನೆ, ಗುಡಿಯಲ್ಲಿ ಚಾಮರ ಬೀಸುತ್ತಾರೆ, ಮನೆಯ ಹೆಂಗಸರು ಬೀಸುವ ಕಲ್ಲಿನ ಮುಂದೆ ಕುಳಿತು ರಾಗಿ ಬೀಸುತ್ತಿದ್ದರು. ಇವುಗಳಲ್ಲಿ ಯಾವುದೂ ಒಂದು ಬಿಂದುವಿನಲ್ಲಿ ಮುಗಿಯುವ ಕಾರ್ಯವಲ್ಲ. ಎಲ್ಲವೂ ಹರಿದು ಸಾಗುವ ಕಾರ್ಯಗಳು. ಬೀಸುವ ಕಲ್ಲಿನ ಗೂಟವನ್ನು ಹಿಡಿದದ್ದು ಕೈಯಾದರೂ ಅದನ್ನು ತಿರುಗಿಸಿದ್ದು ಸೊಂಟದಿಂದ ಮೇಲೆ ಇಡೀ ಮೈ. ಬರಿಯ ಕೈಯಿಂದ ತಿರುಗಿಸಹೋದವಳು ಒಂದು ಸೇರು ರಾಗಿ ಮುಗಿಯುವುದರೊಳಗೆ ಸೋಲುತ್ತಿದ್ದಳು. ಗಾಲ್ಫ್ ಕಲಿಯುವವನು ಹೊಡೆಯಬಂದು ಬೀಸುವುದನ್ನು ಕಲಿಯಬೇಕಾಗಿದೆ.

ಬೀಸಿನ ಕ್ರಮ ಹೀಗಿದೆ. ಕೋಲನ್ನು ಹಿಂದಕ್ಕೆ ಎತ್ತುವಾಗ ಭುಜಗಳು ಸುಮಾರು ೯೦ ಡಿಗ್ರಿಯಷ್ಟು ತಿರುಗುವುವು. ಸೊಂಟ ಅದರ ಅರ್ಧದಷ್ಟು ತಿರುಗುವುದು. ಮಣಿಕಟ್ಟು ಮಡಿದು ಎಡತೋಳಿಗೂ ಕೋಲಿಗೂ ನಡುವೆ ಹೆಚ್ಚುಕಡಿಮೆ ಒಂದು ಲಂಬಕೋನ ಏರ್ಪಡುವುದು. ಕೆಳಕ್ಕೆ ಬರುವಾಗ ಮೊದಲು ತಿರುಗತಕ್ಕದ್ದು ಸೊಂಟ, ಬಳಿಕ ಎದೆ, ಬಳಿಕ ತೋಳು, ಕಟ್ಟಕಡೆಗೆ ಕೋಲು. ಒಂದೊಂದು ಅಂಗವೂ ವೇಗಗೊಂಡು, ತಾನು ನಿಧಾನವಾಗುತ್ತ, ತನ್ನ ವೇಗವನ್ನು ಮುಂದಿನದಕ್ಕೆ ದಾಟಿಸುವುದು. ಚಾಟಿಯ ಹಿಡಿಯನ್ನು ಹಿಡಿದ ಕೈ ನಿಲ್ಲುವಾಗಲೇ ಅದರ ತುದಿ ಸಿಡಿಯುವಂತೆ, ಇಲ್ಲಿಯೂ ಮೈ ತಡೆದಾಗ ಕೋಲಿನ ತಲೆ ಧಾವಿಸುವುದು. ಕಾಕ್ರನ್ ಮತ್ತು ಸ್ಟಾಬ್ಸ್ ಎಂಬ ಆಂಗ್ಲ ಲೇಖಕರು ೧೯೬೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬೀಸನ್ನು ಒಂದು ಕೀಲಿನಿಂದ ಕೂಡಿಸಿದ ಎರಡು ದಂಡಗಳ ತೂಗಾಟಕ್ಕೆ ಹೋಲಿಸಿದರು. ಆ ಕೀಲೇ ಮಣಿಕಟ್ಟು. ಮೇಲಿನ ದಂಡ ಸಕಾಲದಲ್ಲಿ ಬೀಸಿದರೆ ಕೀಲು ತಾನಾಗಿಯೇ ಬಿಚ್ಚಿಕೊಳ್ಳುವುದು. ಅವಸರಪಟ್ಟು ಅದನ್ನು ಮೊದಲೇ ಬಿಚ್ಚುವವನು ಕೂಡಿಟ್ಟ ವೇಗವನ್ನು ಚೆಂಡಿಗೆ ಮುಂಚೆಯೇ ಗಾಳಿಯಲ್ಲಿ ವ್ಯಯಮಾಡುವನು.

ಈಗ ಇಬ್ಬರು ಶಿಷ್ಯರನ್ನು ಊಹಿಸಬಹುದು. ಒಬ್ಬನು ಮೈಯನ್ನು ಕಂಬದಂತೆ ನಿಲ್ಲಿಸಿ ಕೈಯಿಂದಲೇ ಬಡಿಯುವವನು. ಅವನಿಗೆ ಗುರು, “ಮಣಿಕಟ್ಟು ನಿನಗೆ ಇಲ್ಲವೆಂದು ತಿಳಿ, ಮೈ ತಿರುಗಿಸು, ಅಷ್ಟೇ ಸಾಕು” ಎನ್ನುವನು. ಇನ್ನೊಬ್ಬನು ಮೈಯನ್ನು ಬುಗುರಿಯಂತೆ ತಿರುಗಿಸಿ, ಕೈಯನ್ನು ಬಿಗಿಹಿಡಿದು, ಕೋಲನ್ನು ಹಿಂದೆಯೇ ಬಿಟ್ಟುಬರುವವನು. ಅವನಿಗೆ ಅದೇ ಗುರು, “ಮೈಯ ಗೊಡವೆ ಬೇಡ, ಕೈಯನ್ನು ಸಡಿಲಬಿಟ್ಟು ಕೋಲಿನ ತಲೆಯನ್ನು ಎಸೆ” ಎನ್ನುವನು. ಎರಡು ಮಾತುಗಳೂ ಪರಸ್ಪರ ವಿರುದ್ಧ. ಅಕ್ಷರಶಃ ನೋಡಿದರೆ ಎರಡೂ ಯಥಾರ್ಥವಲ್ಲ. ಆದರೂ ಎರಡರಿಂದಲೂ ಚೆಂಡು ನೇರವಾಗಿ ಹಾರುವುದು.

ಹಾಗಾದರೆ ಗುರುವು ಇದ್ದದ್ದನ್ನು ಇದ್ದಂತೆಯೇ ಹೇಳಬಾರದೇಕೆ? ಇದಕ್ಕೆ ಕಾಲವೇ ಉತ್ತರ. ಮೇಲಿನಿಂದ ಚೆಂಡಿನವರೆಗೆ ಕೋಲು ಇಳಿಯುವುದಕ್ಕೆ ಹಿಡಿಯುವ ಹೊತ್ತು ಸುಮಾರು ಕಾಲು ಸೆಕೆಂಡು. ಕೋಲೂ ಚೆಂಡೂ ಒಂದನ್ನೊಂದು ಮುಟ್ಟಿರುವ ಹೊತ್ತು ಸೆಕೆಂಡಿನ ಎರಡು ಸಾವಿರ ಭಾಗಗಳಲ್ಲಿ ಸುಮಾರು ಒಂದು ಭಾಗ. ಆ ಸ್ಪರ್ಶದ ಸುದ್ದಿ ಕೈಯಿಂದ ಮೆದುಳಿಗೆ ಏರುವುದರೊಳಗಾಗಿ ಚೆಂಡು ಕೋಲನ್ನು ಬಿಟ್ಟು ಹೋಗಿರುತ್ತದೆ. ಕರ್ತನಿಗೆ ಅರಿವಾಗುವ ಮೊದಲೇ ಕರ್ಮವು ಮುಗಿದಿರುತ್ತದೆ. ಇಷ್ಟು ಅಲ್ಪಕಾಲದಲ್ಲಿ ಸೊಂಟ, ಎದೆ, ತೋಳು, ಮಣಿಕಟ್ಟುಗಳ ವೃತ್ತಾಂತವನ್ನೆಲ್ಲ ನೆನೆಯುವವನು ಒಂದನ್ನೂ ಮಾಡಲಾರನು. ಪೂರ್ಣ ಸತ್ಯವನ್ನು ಹೊತ್ತು ನಿಂತ ಶಿಷ್ಯನು ಹೊರೆಯಿಂದಲೇ ಸೋಲುವನು. ಅವನಿಗೆ ಬೇಕಾದದ್ದು ಒಂದು ಮಾತು. ಆ ಒಂದು ಮಾತಿನಲ್ಲಿ ಎಲ್ಲ ಸತ್ಯವೂ ಅಡಗಲಾರದು.

ಇದು ಗಾಲ್ಫಿಗೆ ಮಾತ್ರ ಸಲ್ಲುವ ಸಂಗತಿಯಲ್ಲ. ೧೯೦೫ರಲ್ಲಿ ಸ್ಥಾಪಿತವಾದ ಗಾಯನ ಸಮಾಜವು ಬಸವನಗುಡಿಯ ಆಸುಪಾಸಿನವರ ಕಿವಿಗಳನ್ನು ತಲೆಮಾರುಗಳಿಂದ ಸಂಸ್ಕರಿಸಿದೆ. ಆ ಬೀದಿಗಳಲ್ಲಿ ಪಾಠ ಹೇಳುವ ಸಂಗೀತಗಾರರು ಶಿಷ್ಯರಿಗೆ “ನಾಭಿಯಿಂದ ಹಾಡು” ಎನ್ನುವುದು ವಾಡಿಕೆ. ನಾದವು ಹುಟ್ಟುವುದು ಕಂಠದಲ್ಲಿಯೇ ಹೊರತು ನಾಭಿಯಲ್ಲಲ್ಲವೆಂದು ಯಾವ ವೈದ್ಯನೂ ಹೇಳಬಲ್ಲನು. ಆದರೆ ಆ ವೈದ್ಯನ ಮಾತನ್ನು ನಂಬಿ ಕಂಠದ ಮೇಲೆಯೇ ಮನಸ್ಸಿಟ್ಟ ಹುಡುಗಿಯ ದನಿ ಬಿಗಿಯುವುದು. ನಾಭಿಯೆಂದ ಗುರುವಿನ ಮಾತನ್ನು ನಂಬಿದವಳ ದನಿ ಅರಳುವುದು.

ಪಶ್ಚಿಮದ ಗಾಲ್ಫ್ ಗುರುಗಳ ಚರಿತ್ರೆಯಲ್ಲಿಯೂ ಈ ವಿರೋಧ ಕಾಣುತ್ತದೆ. ಅರ್ನೆಸ್ಟ್ ಜೋನ್ಸ್ ಎಂಬ ಆಂಗ್ಲ ಆಟಗಾರನು ಮೊದಲನೆಯ ಮಹಾಯುದ್ಧದಲ್ಲಿ, ೧೯೧೬ರಲ್ಲಿ, ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡನು. ಒಂಟಿಕಾಲಿನಲ್ಲಿ ನಿಂತು ಮತ್ತೆ ಆಡತೊಡಗಿದವನು, ಮೊದಲಿನಂತೆಯೇ ಚೆಂಡು ಹಾರುವುದನ್ನು ಕಂಡು, ಬೀಸೆಂಬುದು ಕೈಯಲ್ಲಿದೆ, ಮೈ ಅದನ್ನು ಹಿಂಬಾಲಿಸುವುದು ಎಂಬ ಸಿದ್ಧಾಂತಕ್ಕೆ ಬಂದನು. ಕರವಸ್ತ್ರದ ತುದಿಗೆ ಚಾಕುವೊಂದನ್ನು ಕಟ್ಟಿ ತೂಗಿ, ಬೀಸೆಂದರೆ ಇದೇ ಎಂದು ಶಿಷ್ಯರಿಗೆ ತೋರಿಸುತ್ತಿದ್ದನು. ಅಮೆರಿಕದ ಬೆನ್ ಹೋಗನ್ ಎಂಬ ಮಹಾನ್ ಆಟಗಾರನಾದರೋ, ಚೆಂಡು ಎಡಕ್ಕೆ ಬಾಗುವ ರೋಗದಿಂದ ಬಹುಕಾಲ ನರಳಿ, ಹಿಡಿತವನ್ನೂ ಮಣಿಕಟ್ಟನ್ನೂ ತಿದ್ದಿಕೊಂಡು ಅದನ್ನು ಗೆದ್ದವನು. ೧೯೫೭ರಲ್ಲಿ ಅವನು ಪ್ರಕಟಿಸಿದ ಐದು ಪಾಠಗಳ ಪುಸ್ತಕವನ್ನು ಲೋಕವೆಲ್ಲ ಓದಿತು. ಅದರಲ್ಲಿ ಸೊಂಟದ ತಿರುವಿಗೆ ಅಗ್ರಪೂಜೆ. ಆದರೆ ಓದಿದವರಲ್ಲಿ ಹೆಚ್ಚಿನವರ ರೋಗ ಚೆಂಡು ಬಲಕ್ಕೆ ಬಾಗುವುದು. ಎಡದ ರೋಗಕ್ಕೆ ಕೊಟ್ಟ ಔಷಧವನ್ನು ಬಲದ ರೋಗಿಯು ಸೇವಿಸಿದರೆ ಕಾಯಿಲೆ ಉಲ್ಬಣಿಸುವುದೇ ನ್ಯಾಯ. ಪುಸ್ತಕದಲ್ಲಿ ಸುಳ್ಳಿರಲಿಲ್ಲ, ಓದುವವನ ನಾಡಿಯನ್ನು ನೋಡುವ ಸಾಮರ್ಥ್ಯ ಪುಸ್ತಕಕ್ಕಿರಲಿಲ್ಲ.

ಇಲ್ಲಿ ನಮ್ಮ ಹಿರಿಯರು ಹೇಳಿದ ಸ್ಥೂಲಾರುಂಧತೀ ನ್ಯಾಯವು ನೆನಪಿಗೆ ಬರತಕ್ಕದ್ದು. ವಿವಾಹದಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸಬೇಕು. ಆ ನಕ್ಷತ್ರ ಬಹು ಸಣ್ಣದು. ಒಮ್ಮೆಗೇ ಕಣ್ಣಿಗೆ ಸಿಕ್ಕುವುದಿಲ್ಲ. ಆದುದರಿಂದ ಅದರ ಬಳಿಯಿರುವ ದೊಡ್ಡ ನಕ್ಷತ್ರವನ್ನು ತೋರಿಸಿ “ಇದೇ ಅರುಂಧತಿ” ಎನ್ನುವರು. ದೃಷ್ಟಿ ಅಲ್ಲಿ ನಿಂತಮೇಲೆ, “ಅದಲ್ಲ, ಅದರ ಪಕ್ಕದ್ದು” ಎಂದು ತಿದ್ದುವರು. ಮೊದಲನೆಯ ಮಾತು ಅಯಥಾರ್ಥ. ಆದರೆ ಎರಡನೆಯ ಮಾತು ಹಿಂದೆ ಬರುವುದರಿಂದ ಅದು ಅಸತ್ಯವಾಗಲಿಲ್ಲ. ಈ ನ್ಯಾಯದ ಜೀವವಿರುವುದು ಎರಡನೆಯ ಮಾತಿನಲ್ಲಿ. ಮೊದಲನೆಯದನ್ನು ಮಾತ್ರ ಹೇಳಿ ಮನೆಗೆ ಹೋದ ಪುರೋಹಿತನು ವಂಚಕನೇ ಸರಿ.

ಇದಕ್ಕೆ ಒಂದು ಆಕ್ಷೇಪ ಬರಬಹುದು: ಗುರುವಿನ ಮಾತು ಬರಿಯ ಉಪಾಯವೆಂದು ಶಿಷ್ಯನಿಗೆ ಮೊದಲೇ ತಿಳಿದರೆ ಅವನು ಅದನ್ನು ನಂಬಿ ನಡೆಯುವನೇ? ನಂಬಿಕೆಗಾಗಿ ಗುರುವು ನಿಜವನ್ನು ಮುಚ್ಚಿಡಬೇಕಾಗದೇ? ಆಕ್ಷೇಪವು ಗಹನವಾದದ್ದು, ಮುಚ್ಚಿಡುವ ಅಭ್ಯಾಸಕ್ಕೆ ಬಿದ್ದ ಗುರುವು, ಶಿಷ್ಯನ ಹಿತಕ್ಕಾಗಿ ಮುಚ್ಚಿಟ್ಟದ್ದು ಯಾವುದು, ತನ್ನ ಪದವಿಗಾಗಿ ಮುಚ್ಚಿಟ್ಟದ್ದು ಯಾವುದು ಎಂಬುದನ್ನು ಕಾಲಕ್ರಮದಲ್ಲಿ ತಾನೇ ಮರೆಯುವನು. ಆದರೆ ಅನುಭವವು ಈ ಭಯಕ್ಕೆ ಸಮಾಧಾನ ಹೇಳುತ್ತದೆ. ಗ್ಯಾಬ್ರಿಯೆಲೆ ವುಲ್ಫ್ ಎಂಬ ವಿದುಷಿಯೂ ಅವರ ಸಹಚರರೂ ೧೯೯೯ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಗಾಲ್ಫನ್ನು ಹೊಸದಾಗಿ ಕಲಿಯುವವರಲ್ಲಿ ಕೆಲವರಿಗೆ ತಮ್ಮ ತೋಳಿನ ಚಲನೆಯ ಮೇಲೆ ಮನಸ್ಸಿಡುವಂತೆಯೂ, ಕೆಲವರಿಗೆ ಕೋಲಿನ ಚಲನೆಯ ಮೇಲೆ ಮನಸ್ಸಿಡುವಂತೆಯೂ ಹೇಳಲಾಯಿತು. ಕೋಲನ್ನು ನೆನೆದವರೇ ಗುರಿಗೆ ಹೆಚ್ಚು ಸಮೀಪವಾಗಿ ಹೊಡೆದರು. ಇಲ್ಲಿ ಯಾರನ್ನೂ ವಂಚಿಸಬೇಕಾಗಲಿಲ್ಲ; ಮನಸ್ಸನ್ನು ಇಡತಕ್ಕ ಸ್ಥಳವನ್ನು ತೋರಿಸಿದ್ದೇ ಸಾಕಾಯಿತು. ಬೆಂಗಳೂರಿನ ವ್ಯಾಯಾಮಶಾಲೆಯಲ್ಲಿ ಅನೇಕರ ಮೈಯನ್ನು ತಿದ್ದಿದ, ಕಾದಂಬರಿಕಾರರೂ ಆಗಿದ್ದ ಕೆ. ವಿ. ಅಯ್ಯರ್ ಅವರಂಥವರ ವಿದ್ಯೆಯಲ್ಲಿ ಮೈಯೇ ಗುರಿಯಾದದ್ದರಿಂದ ಮನಸ್ಸು ಮೈಯ ಮೇಲೆಯೇ ಇರುವುದು ಯುಕ್ತ. ಗುರಿ ಹೊರಗಿರುವ ವಿದ್ಯೆಯಲ್ಲಿ ಮನಸ್ಸೂ ಹೊರಗಿರುವುದು ಯುಕ್ತ.

ಮೇಲಾಗಿ, ಸತ್ಯವನ್ನು ಕಾಪಾಡುವ ಒಂದು ಸಣ್ಣ ಶಬ್ದ ಕನ್ನಡದಲ್ಲಿಯೇ ಇದೆ: ‘ಹಾಗೆ’. “ಮಣಿಕಟ್ಟು ಇಲ್ಲ” ಎಂದರೆ ಅಸತ್ಯ. “ಮಣಿಕಟ್ಟು ಇಲ್ಲವೇನೋ ಎಂಬ ಹಾಗೆ ಬೀಸು” ಎಂದರೆ ಉಪದೇಶ. “ನಾಭಿಯಿಂದ ಬರುವ ಹಾಗೆ ಹಾಡು” ಎಂದರೆ ವೈದ್ಯನೂ ತಕರಾರು ಮಾಡಲಾರನು. ಫಲದಲ್ಲಿ ಏನೂ ಕೊರತೆಯಾಗುವುದಿಲ್ಲ. ಶಿಷ್ಯನು ಮಾತ್ರ ಮುಂದೊಂದು ದಿನ ಆ ಮಾತಿನಿಂದ ಬಿಡುಗಡೆ ಹೊಂದುವುದಕ್ಕೆ ದಾರಿ ತೆರೆದಿರುವುದು.

ಈ ಬಿಡುಗಡೆಯೇ ಇಲ್ಲಿ ಮುಖ್ಯವಾದ ವಿಷಯ. ಮೈಯವನು ಕೈಯವನನ್ನು ಮೂಢನೆನ್ನುವುದೂ ಕೈಯವನು ಮೈಯವನನ್ನು ಭ್ರಷ್ಟನೆನ್ನುವುದೂ ಆಟದ ಬಯಲಿನಲ್ಲಿ ನಗೆಗೆ ಕಾರಣ. ಬಾಳಿನಲ್ಲಿ ಅದೇ ಕಲಹಕ್ಕೆ ಕಾರಣ. ದುಂದುಗಾರ ಮಗನಿಗೆ ತಂದೆ “ಕಾಸನ್ನು ಬಿಗಿಹಿಡಿ” ಎನ್ನುವನು; ಜಿಪುಣ ಮಗನಿಗೆ “ಕೈಬಿಚ್ಚಿ ಕೊಡು” ಎನ್ನುವನು. ತಂದೆ ತೀರಿಕೊಂಡ ಬಳಿಕ ಮಕ್ಕಳಿಬ್ಬರೂ ತಮತಮಗೆ ಹೇಳಿದ ಮಾತೇ ತಂದೆಯ ಮತವೆಂದು ಸಾಧಿಸಹೊರಟರೆ ಮನೆ ಎರಡಾಗುವುದು. ಅದಕ್ಕಿಂತ ಕೆಟ್ಟದ್ದೆಂದರೆ, ಈಗಾಗಲೇ ಜಿಪುಣನಾಗಿ ಮಾರ್ಪಟ್ಟ ಹಳೆಯ ದುಂದುಗಾರನು, ಬಿಗಿಹಿಡಿಯೆಂಬ ಪಿತೃವಾಕ್ಯವನ್ನು ಇನ್ನೂ ಪಾಲಿಸುತ್ತಿದ್ದೇನೆಂದು ನೆಮ್ಮದಿಯಿಂದಿರುವುದು. ರೋಗ ಹೋದಮೇಲೂ ಬಿಡದೆ ಸೇವಿಸಿದ ಔಷಧವು ಎರಡನೆಯ ರೋಗ.

ಹಾಗೆಂದು ಎಲ್ಲ ಉಪದೇಶವೂ ಕೇವಲ ಉಪಾಯ, ಯಥಾರ್ಥವೆಂಬುದೇ ಇಲ್ಲ ಎಂದು ತೀರ್ಮಾನಿಸುವುದು ಸಾಧುವಲ್ಲ. ಚೆಂಡು ಸಾಕ್ಷಿಯಾಗಿ ನಿಂತಿದೆ. ಗುರು ಏನೇ ಹೇಳಿರಲಿ, ಶಿಷ್ಯನು ಏನೇ ನಂಬಿರಲಿ, ಕೋಲು ಚೆಂಡನ್ನು ಮುಟ್ಟಿದ ರೀತಿಗೆ ತಕ್ಕಂತೆಯೇ ಅದು ಹಾರುವುದು, ದಾಕ್ಷಿಣ್ಯವನ್ನು ಅರಿಯದು. ಉಪದೇಶಗಳು ಹಲವು, ಯಥಾರ್ಥವು ಒಂದು. ಮೊದಲನೆಯವು ಎರಡನೆಯದಕ್ಕೆ ಅಧೀನ. ಬೆಂಗಳೂರಿನ ಸಿ. ಮುನಿಯಪ್ಪ ಅವರು ಇತರರ ಕೋಲುಗಳನ್ನು ಹೊರುವ ಕೆಲಸದಿಂದ ಬಾಳನ್ನು ಆರಂಭಿಸಿ ೨೦೦೯ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನು ಗೆದ್ದರು. ಅಂಥ ಕೆಲಸದಲ್ಲಿರುವವರಿಗೆ ಸಿದ್ಧಾಂತಗಳನ್ನು ಕೇಳುವ ಅವಕಾಶಕ್ಕಿಂತ, ನೂರಾರು ಬೀಸುಗಳನ್ನೂ ಅವುಗಳ ಹಿಂದೆಯೇ ಹಾರುವ ಚೆಂಡುಗಳನ್ನೂ ನೋಡುವ ಅವಕಾಶ ಹೆಚ್ಚು. ಸಾಕ್ಷಿಯ ಹತ್ತಿರ ನಿಂತವನಿಗೆ ವಾದಗಳ ಹಂಗು ಕಡಿಮೆ.

ಆದಕಾರಣ ಉಪದೇಶಿಸುವವನ ಧರ್ಮವು ಮೂರು ಅಂಗಗಳುಳ್ಳದ್ದೆಂದು ಹೇಳಬಹುದು. ಮಾತು ಎದುರಿಗಿರುವ ಶಿಷ್ಯನ ದೋಷವನ್ನು ನೋಡಿ ಹುಟ್ಟಿದ್ದಾಗಿರಬೇಕು. ಅವನ ಹಿತಕ್ಕಾಗಿ ಇರಬೇಕೇ ಹೊರತು ಗುರುವಿನ ಕೀರ್ತಿಗಾಗಿ ಅಲ್ಲ. ಕೆಲಸ ಮುಗಿದ ದಿನ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಮೊದಲಿನ ಎರಡನ್ನು ಅನೇಕರು ನಡೆಸುವರು. ಮೂರನೆಯದು ಕಷ್ಟ, ಏಕೆಂದರೆ ತನ್ನ ಮಾತನ್ನು ವೇದವೆಂದು ನಂಬಿದ ಶಿಷ್ಯನ ಮುಂದೆ, “ಅದು ಅಂದಿಗೆ ಸರಿ, ಇಂದಿಗೆ ಬೇಡ” ಎನ್ನುವುದಕ್ಕೆ ಗುರುವು ತನ್ನ ಗೌರವದಲ್ಲಿ ಸ್ವಲ್ಪವನ್ನು ಬಿಟ್ಟುಕೊಡಬೇಕಾಗುತ್ತದೆ. ಬಿಟ್ಟುಕೊಟ್ಟವನ ಶಿಷ್ಯರು ಒಬ್ಬೊಬ್ಬರೂ ಒಂದೊಂದು ಬಗೆಯಾಗಿ ಬೀಸುವರು. ಅವರ ಚೆಂಡುಗಳು ಮಾತ್ರ ನೇರವಾಗಿ ಹೋಗುವುವು.