ನೂತನ ನಳಿಗೆ, ಪುರಾತನ ಕೋವಿ

ಕೊಡಗಿನಲ್ಲಿ ಕೈಲ್ ಮುಹೂರ್ತದಂದು ತೋಕ್ ಪೂ ಎಂಬ ಹೂವನ್ನು ಮುಡಿದು ಪೂಜೆಗೊಳ್ಳುವ ಪಿತ್ರಾರ್ಜಿತ ರೈಫಲ್ಲಿಗೆ, ಮದ್ದಿನ ಉರಿಯಿಂದ ನಳಿಗೆಯ ಕಂಠ ಸವೆದು ಗುಂಡುಗಳು ಚದುರಲಾರಂಭಿಸಿದ ಮೇಲೆ, ನೂತನ ನಳಿಗೆಯನ್ನು ಕೂಡಿಸಿದರೆ, ಮರುವರ್ಷ ಪೂಜೆಗೊಳ್ಳುವುದು ಅಜ್ಜನ ಕೋವಿಯೇ, ಅನ್ಯವಸ್ತುವೇ? ರಥದ ಯಾವ ಅಂಗವೂ ರಥವಲ್ಲವೆಂದು ಮಿಲಿಂದರಾಜನಿಗೆ ತೋರಿಸಿಕೊಟ್ಟ ಬೌದ್ಧ ಭಿಕ್ಷು ನಾಗಸೇನನು ಇದನ್ನೂ ಬರಿಯ ವ್ಯವಹಾರನಾಮವೆಂದಾನು. ನಾನಾದರೋ ಅದನ್ನು ಅದೇ ಕೋವಿಯೆಂದು ನಂಬುವೆನು. ಗುರಿತಪ್ಪುವ ಹಳೆಯ ಉಕ್ಕನ್ನು ಭಕ್ತಿಯಿಂದ ಕಾಪಾಡಿದ್ದರೆ ರೂಪವುಳಿದು ಸ್ವಧರ್ಮವೇ ಅಳಿಯುತ್ತಿತ್ತು. ಆದರೂ ನೂತನ ನಳಿಗೆಗೆ ತನ್ನದೇ ಸ್ವಭಾವವುಂಟು: ಬೋಲ್ಟಿನ ಮುಖಕ್ಕೂ ತೋಟೆಯ ಬುಡಕ್ಕೂ ನಡುವಣ ಕೂದಲೆಳೆಯ ಅಂತರವನ್ನು ಗೇಜಿನಿಂದ ನಿಶ್ಚಯಿಸಿ, ನಳಿಗೆಯು ಮರಕ್ಕೆ ತಾಗದಂತೆ ಬಿಡುವಿತ್ತ ಬಳಿಕವೂ, ಹಳೆಯದಕ್ಕೆ ಒಪ್ಪಿದ ತೋಟೆ ಇದಕ್ಕೆ ಒಪ್ಪದಿರಬಹುದು, ಗುಂಡುಗಳು ಒಂದೆಡೆ ಕೂಡುವ ತನಕ ಬಗೆಬಗೆಯ ತೋಟೆಗಳನ್ನು ಹಾರಿಸಿ ನೋಡಬೇಕಾಗುವುದು.