ನಾಲೆಯ ಕೊನೆಯ ಗದ್ದೆ

ಮಾಡಿದ ಉಪಕಾರವನ್ನು ಎಣಿಸಬಾರದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹೇಳಿಕೊಟ್ಟ ಮನೆಗಳಲ್ಲಿ ಬೆಳೆದವರು ನಾವು. ಆದ್ದರಿಂದಲೇ ಯಾರಾದರೂ ಬಂದು “ನಿಮ್ಮ ಮಹಿಳಾ ಸಂಘದಿಂದ ಸಮಾಜಕ್ಕೆ ಏನು ಪ್ರಯೋಜನವಾಯಿತು, ಲೆಕ್ಕ ಕೊಡಿ” ಎಂದಾಗ ಒಂದು ಬಗೆಯ ಮುಜುಗರವಾಗುತ್ತದೆ. ಬಾಣಂತಿಯ ಮನೆಗೆ ಸರದಿಯಂತೆ ಊಟ ಕಳಿಸಿದ್ದನ್ನು, ಗಂಡನನ್ನು ಕಳೆದುಕೊಂಡವಳ ಜೊತೆ ರಾತ್ರಿ ಹೋಗಿ ಮಲಗಿದ್ದನ್ನು ಯಾವ ಪುಸ್ತಕದಲ್ಲಿ, ಯಾವ ಖಾನೆಯಲ್ಲಿ ಬರೆಯೋಣ? ಆದರೆ ಮುಜುಗರವೆಂದು ಸುಮ್ಮನಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ನಮ್ಮ ಕೆಲಸವನ್ನು ನಾವು ಅಳೆಯದಿದ್ದರೆ ಬೇರೆಯವರು ತಮ್ಮ ಸೇರು ತಂದು ಅಳೆಯುತ್ತಾರೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಯಾವ ಹಳ್ಳಿಗೆ ಹೋದರೂ ಇಂದು ಹೆಂಗಸರ ಸಂಘವೊಂದು ಇದ್ದೇ ಇರುತ್ತದೆ. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸಕ್ಕೆ ಕೈಹಾಕಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ಸಂಘಗಳು ಊರೂರಿಗೂ ಹಬ್ಬಿದವು. ಹತ್ತರಿಂದ ಇಪ್ಪತ್ತು ಮಂದಿ ಹೆಂಗಸರು, ವಾರಕ್ಕೊಂದು ಸಭೆ, ಒಂದಿಷ್ಟು ಉಳಿತಾಯ, ಅದರಲ್ಲೇ ಒಬ್ಬರಿಗೊಬ್ಬರು ಸಾಲ. ಸಂಘ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ಬ್ಯಾಂಕಿನವರಿಗೆ ಐದು ಸೂತ್ರಗಳಿವೆ. ಸಭೆ ತಪ್ಪದೆ ನಡೆಯುತ್ತಿದೆಯೆ, ಉಳಿತಾಯ ತಪ್ಪದೆ ಬರುತ್ತಿದೆಯೆ, ಒಳಗೊಳಗೆ ಸಾಲ ಓಡಾಡುತ್ತಿದೆಯೆ, ಸಾಲ ಹೊತ್ತಿಗೆ ಸರಿಯಾಗಿ ತೀರುತ್ತಿದೆಯೆ, ಪುಸ್ತಕಗಳು ಸರಿಯಾಗಿವೆಯೆ? ಇವು ಕೆಟ್ಟ ಪ್ರಶ್ನೆಗಳಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದವರು ನಡಾವಳಿ ಪುಸ್ತಕದಲ್ಲಿ ಸಹಿ ಹಾಕುವುದನ್ನು ಕಲಿತದ್ದು ಇಂಥ ಶಿಸ್ತಿನಿಂದಲೇ.

ಅಳತೆಯೆಂದರೆ ಬರೀ ಶಿಸ್ತೂ ಅಲ್ಲ, ಅದರಲ್ಲಿ ನ್ಯಾಯವೂ ಉಂಟು. ಬೆಳಗಿನ ಜಾವ ಡೇರಿಯ ಮುಂದೆ ನಿಂತ ಸಾಲನ್ನು ನೋಡಿ. ಎರಡು ಎಮ್ಮೆ, ನಾಲ್ಕು ಹಸು ಇರುವವರೂ ಅಲ್ಲೇ, ಒಂದೇ ಹಸುವಿನ ಒಂದು ಲೀಟರ್ ಹಾಲು ತಂದವಳೂ ಅಲ್ಲೇ. ಇಬ್ಬರ ಹಾಲಿಗೂ ಒಂದೇ ಪರೀಕ್ಷೆ. ಜಿಡ್ಡಿನ ಅಂಶ ನೋಡಿ ದುಡ್ಡು. ಹಾಲು ಕೊಳ್ಳುವವನು ಬಾಯಿಗೆ ಬಂದಷ್ಟು ಹೇಳಿದ್ದೇ ಬೆಲೆಯಾದರೆ ಮೋಸ ಹೋಗುವವಳು ಬಡವಿಯೇ. ಆದ್ದರಿಂದ ಅಳತೆಯೇ ಬೇಡ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಅಳತೆ ಇಲ್ಲದ ಕಡೆ ಗೆಲ್ಲುವುದು ದೊಡ್ಡ ದನಿ.

ಹಾಗಾದರೆ ತೊಡಕು ಎಲ್ಲಿದೆ? ನನಗೆ ಕಾಣುವ ಹಾಗೆ “ನೂರಕ್ಕೆ ನೂರು ಮರುಪಾವತಿ” ಎಂಬ ಒಂದೇ ಮಾತಿನಲ್ಲಿದೆ. ವಾರ್ಷಿಕ ವರದಿಯಲ್ಲಿ ಅದನ್ನು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆದರೆ ಆ ಕೊನೆಯ ಕಂತು ಹೇಗೆ ಬಂತು? ಆಕೆ ಕಿವಿಯೋಲೆ ಗಿರವಿ ಇಟ್ಟಳೆ? ಇನ್ನೊಂದು ಕಡೆ ಸಾಲ ಮಾಡಿ ಇಲ್ಲಿಗೆ ಕಟ್ಟಿದಳೆ? ಮಗಳ ಕಾಲೇಜು ಬಿಡಿಸಿದಳೆ? ಪುಸ್ತಕದಲ್ಲಿ ಇವಕ್ಕೆ ಜಾಗವಿಲ್ಲ. ಖಾಸಗಿ ಫೈನಾನ್ಸಿನವರು ಹೆಂಗಸರನ್ನೇ ಗುಂಪು ಕಟ್ಟಿಸಿ, ಒಬ್ಬಳ ಸಾಲಕ್ಕೆ ಇನ್ನೊಬ್ಬಳನ್ನು ಹೊಣೆ ಮಾಡಿದಾಗ, ಗೆಳತಿಯ ಬಾಗಿಲಲ್ಲಿ ಗೆಳತಿಯೇ ವಸೂಲಿಗೆ ನಿಲ್ಲಬೇಕಾಗುತ್ತದೆ. ಕಿರುಸಾಲದ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅಷ್ಟು ಸಂಕಟದ ನಡುವೆಯೂ ವಸೂಲಿಯ ಅಂಕಿಯನ್ನಷ್ಟೇ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಂಡಿದ್ದೀತು.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಬೆಳಿಗ್ಗೆ ಪತ್ರಿಕೆ ಬಿಡಿಸಿ ನಾವು ಮೊದಲು ಹುಡುಕುವುದು ಕನ್ನಂಬಾಡಿಯ ನೀರಿನ ಮಟ್ಟವನ್ನು. 124.80 ಅಡಿ ತುಂಬಿತೆಂದರೆ ನೆಮ್ಮದಿ. ಆದರೆ ಕಟ್ಟೆ ತುಂಬಿದ ವರ್ಷವೂ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಗದ್ದೆಯವನು ನೀರಿಗಾಗಿ ಕಾಯುವುದುಂಟು. ನಾಗಮಂಗಲದ ಹೊಲದಲ್ಲಿ ಮಳೆ ನಂಬಿ ರಾಗಿ ಬಿತ್ತಿದವಳಿಗಂತೂ ಆ ಅಂಕಿಯಿಂದ ಏನೂ ಆಗಬೇಕಾದ್ದಿಲ್ಲ. ಮಟ್ಟದ ಅಂಕಿ ಸುಳ್ಳಲ್ಲ. ಆದರೆ ನೀರು ಎಲ್ಲಿಯವರೆಗೆ ಹರಿಯಿತು ಎಂಬುದನ್ನು ಅದು ಹೇಳುವುದಿಲ್ಲ. ಸಂಘದ ಉಳಿತಾಯ ಇಷ್ಟು ಲಕ್ಷ ಎಂಬುದೂ ಹಾಗೆಯೇ.

ಇಂಥ ಪ್ರಶ್ನೆ ನಮಗೆ ಮಾತ್ರ ಬಂದದ್ದಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1990ರ ದಶಕದಲ್ಲಿ ಒಂದು ದತ್ತಿನಿಧಿಯವರು, ಸೇವಾಸಂಸ್ಥೆಗೆ ಹಾಕಿದ ಪ್ರತಿ ಡಾಲರಿಗೆ ಸಮಾಜಕ್ಕೆ ಎಷ್ಟು ಮರಳಿತು ಎಂದು ಲೆಕ್ಕ ಹಾಕುವ ಕ್ರಮ ಹುಡುಕಿದರು. ಅದು ಆಮೇಲೆ ಬೇರೆ ದೇಶಗಳಿಗೂ ಹರಡಿತು. ಎಲ್ಲವನ್ನೂ ಹಣಕ್ಕೆ ತಂದು ನಿಲ್ಲಿಸುವ ಅವರ ಹಟ ನನಗೆ ಹಿಡಿಸದು. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಆರಂಭಿಸಿದ ಜನಪದ ಸೇವಾ ಟ್ರಸ್ಟಿನ ಕೈಮಗ್ಗದ ಬಟ್ಟೆಯನ್ನು ಗಿರಣಿ ಬಟ್ಟೆಯ ಬೆಲೆಯ ಪಕ್ಕದಲ್ಲಿಟ್ಟು ತೂಗಿದರೆ ಉಳಿಯುವುದು ದುಬಾರಿ ಎಂಬ ಮಾತೊಂದೇ. ಊರು ಬಿಡದೆ ದುಡಿದು ತಿನ್ನುವ ಮರ್ಯಾದೆ ಗಜಕ್ಕಿಷ್ಟು ಎಂಬ ಲೆಕ್ಕಕ್ಕೆ ಸಿಕ್ಕದು. ಆದರೂ ಆ ಕ್ರಮದ ಜೊತೆಗೆ ಬೆಳೆದ ಕೆಲವು ಪ್ರಶ್ನೆಗಳು ಬಲು ಪ್ರಾಮಾಣಿಕವಾದವು. ಸಂಘ ಇಲ್ಲದಿದ್ದರೂ ಇದು ಆಗುತ್ತಿತ್ತೆ? ಈ ಒಳ್ಳೆಯದರಲ್ಲಿ ಬೇರೆಯವರ ಪಾಲೆಷ್ಟು? ಇದರಿಂದ ಯಾರಿಗಾದರೂ ಕೆಟ್ಟದ್ದಾಯಿತೆ? ಯಾರಿಗಾಗಿ ಮಾಡಿದೆವೋ ಅವರನ್ನೇ ಕೇಳಿದೆವೆ?

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ವರ್ಷಕ್ಕೊಮ್ಮೆ ಒಂದು ಸಭೆಯಲ್ಲಿ ದುಡ್ಡಿನ ಮಾತನ್ನು ಬದಿಗಿಟ್ಟು ಸದಸ್ಯೆಯರೇ ಕೂತು ಮಾತಾಡಿದರೆ ಸಾಕು. ಕಾಯಿಲೆ ಬಿದ್ದಾಗ ಕೈಚಾಚಲು ಈಗ ಎಷ್ಟು ಮನೆಗಳಿವೆ, ಹಿಂದೆ ಎಷ್ಟಿದ್ದವು? ಮನೆಯಲ್ಲಿ ಹೊಡೆತ ತಿಂದವಳು ಯಾರಿಗೆ ಹೇಳಿಕೊಂಡಳು? ಗ್ರಾಮಸಭೆಯಲ್ಲಿ ಬಾಯಿ ಬಿಟ್ಟವರೆಷ್ಟು? ಸಾಲದ ಹಣ ನಿಜವಾಗಿ ಯಾರ ಕೈ ಸೇರಿತು? ಉತ್ತರಗಳನ್ನು ಬರೆದಿಡೋಣ, ಮುಂದಿನ ವರ್ಷ ತೆಗೆದು ನೋಡೋಣ. ಸಾಧನೆಯ ಜೊತೆಗೆ ಸೋಲನ್ನೂ ಬರೆಯೋಣ. ಬರೆದರೆ ಮುಂದಿನ ಅನುದಾನ ತಪ್ಪೀತು ಎಂಬ ಭಯ ಇದ್ದದ್ದೇ. ಆ ಭಯಕ್ಕೆ ಮಣಿದು ಬರೆದ ವರದಿ ಮಾತ್ರ ಯಾರ ಉಪಯೋಗಕ್ಕೂ ಬಾರದು.

ಹಿರಿಯರು ಎಣಿಸಬೇಡಿ ಎಂದದ್ದು ಹೆಮ್ಮೆ ಬಾರದಿರಲೆಂದು. ನಾವು ಎಣಿಸಬೇಕಾದದ್ದು ಯಾರೂ ಬಿಟ್ಟುಹೋಗದಿರಲೆಂದು. ಎರಡಕ್ಕೂ ವಿರೋಧವಿಲ್ಲ. ಹಾಜರಿ ಪುಸ್ತಕದಲ್ಲಿ ಬಂದವರ ಸಹಿ ಇರುತ್ತದೆ, ಬಾರದವಳ ಮುಂದೆ ಒಂದು ಗೀಟು. ಮೂರು ವಾರ ಆ ಗೀಟೇ ಇದ್ದರೆ ಯಾರಾದರೂ ಅವಳ ಮನೆಗೆ ಹೋಗಿ ಬಂದರೆ? ಸಂಘದ ಬೆಲೆ ಏನೆಂಬುದನ್ನು ಅವಳನ್ನೇ ಮೊದಲು ಕೇಳಬೇಕು.