ಸಾಲ ಮುಟ್ಟಿಸದಿದ್ದರೆ ಎರಡನೇ ಶೀಲ ಮುರಿದ ಹಾಗೆಯೇ?



ಬಂಧುಗಳೇ, ಇಂದು ಚಿಂತನೆ ಬರೆಯುವ ಪಾಳಿ ನನ್ನದು. ಒಂದು ಗಾಥೆ ತೆಗೆದುಕೊಂಡು ಅರ್ಥ ಬಿಡಿಸಬಹುದಿತ್ತು. ಆದರೆ ಎರಡು ತಿಂಗಳಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಕೇಳಿದವಳು ಮಟಮಾರಿಯ ನಮ್ಮ ಓಣಿಯ ತಂಗಿ. ಹೆಸರು ಬೇಡ. ಹಳೆ ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಲು ಮನೆ ಕಾಗದ ಅಡವಿಟ್ಟು ಒಂದು ಫೈನಾನ್ಸಿನಲ್ಲಿ ಸಾಲ ತೆಗೆದಿದ್ದಳು. ಮಳೆ ಕೈಕೊಟ್ಟು ಹತ್ತಿ ಬಿಡಿಸುವ ಕೂಲಿ ನಿಂತ ವರ್ಷ, ಆ ಕಂತು ಕಟ್ಟಲು ಮಹಿಳಾ ಗುಂಪಿನ ಸಾಲ. ಗುಂಪಿನ ಕಂತಿಗೆ ಇನ್ನೊಂದು ಗುಂಪು. ಗುಳೆ ಹೋಗಿದ್ದ ಗಂಡ ಬೆಂಗಳೂರಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಎಲ್ಲ ಕಂತೂ ಒಟ್ಟಿಗೆ ನಿಂತವು. ಒಂದು ಭಾನುವಾರ ವಂದನೆ ಮುಗಿಸಿ ಚಾಪೆ ಸುತ್ತುತ್ತಿದ್ದಾಗ ಹತ್ತಿರ ಬಂದು ಕೇಳಿದಳು: “ಅಕ್ಕೋರ, ಸಾಲ ಮುಟ್ಟಿಸಲಿಲ್ಲ ಅಂದ್ರ ಎರಡನೇ ಶೀಲ ಮುರಿದಂಗ ಆಗ್ತದೇನ್ರಿ?”

ನಾನಂದೆ: “ತಗೊಳ್ಳಾಗ ಗೊತ್ತಿರಲಿಲ್ಲೇನವ್ವ?”

ಮುಂದಿನ ಎರಡು ಭಾನುವಾರ ಅವಳು ಬರಲಿಲ್ಲ. ಮೂರನೇ ವಾರ ಮನೆಗೆ ಕೀಲಿ ಬಿದ್ದಿತ್ತು. ಅವಳ ಮಗಳು ನನ್ನ ತರಗತಿಯಲ್ಲೇ ಇದ್ದಾಳೆ. ಹಾಜರಿ ಕೂಗುವಾಗ ಆ ಹೆಸರು ಬಂದರೆ ಮಕ್ಕಳೆಲ್ಲ ನನ್ನ ಮುಖ ನೋಡುತ್ತಾರೆ.

ಅವಳು ಕೇಳಿದ್ದು ಧಮ್ಮದ ಪ್ರಶ್ನೆ, ನಾನು ಕೊಟ್ಟಿದ್ದು ವಸೂಲಿಗೆ ಬಂದವನ ಉತ್ತರ. ಈಗ ಸರಿಯಾಗಿ ಯೋಚಿಸಲು ನೋಡುತ್ತೇನೆ.

ಎರಡನೇ ಶೀಲದ ಪದ ಅದಿನ್ನಾದಾನ: ಕೊಡದೆ ಇರುವುದನ್ನು ತೆಗೆದುಕೊಳ್ಳುವುದು. ಸಾಲ ಕೊಟ್ಟದ್ದೇ ಹೊರತು ಕದ್ದದ್ದಲ್ಲ. ವಿನಯದಲ್ಲಿ ಕಳ್ಳತನ ಎನಿಸಬೇಕಾದರೆ ಕದಿಯುವ ಚಿತ್ತ ಇರಬೇಕು. ಮುಟ್ಟಿಸುವ ಮನಸ್ಸಿದ್ದು ಕೈಯಲ್ಲಿ ಇಲ್ಲದವಳಿಗೂ, ಮುಳುಗಿಸಬೇಕೆಂದೇ ತೆಗೆದುಕೊಂಡವನಿಗೂ ಧಮ್ಮ ಒಂದೇ ಹೆಸರು ಇಡುವುದಿಲ್ಲ. ಅಂಗುತ್ತರ ನಿಕಾಯದ ಇಣ ಸುತ್ತದಲ್ಲಿ ಬುದ್ಧರು ದುಃಖದ ಸಾಲನ್ನು ಬಡತನದಿಂದ ಶುರು ಮಾಡುತ್ತಾರೆ. ಬಡತನ, ಆಮೇಲೆ ಸಾಲ, ಬಡ್ಡಿ, ತಗಾದೆ, ಬೆನ್ನಟ್ಟುವಿಕೆ, ಕೊನೆಗೆ ಬಂಧನ. ನಾನು ಮಾತ್ರ ಬಡತನವನ್ನು ದಾಟಿ ನೇರ ಸಾಲಕ್ಕೆ ಬಂದು ಬೆರಳು ತೋರಿಸಿದೆ.

ಹಾಗೆಂದು ಸಾಲವನ್ನು ಧಮ್ಮ ಹಗುರ ಮಾಡಿಲ್ಲ. ಅನಾಥಪಿಂಡಿಕನಿಗೆ ಹೇಳಿದ ಗೃಹಸ್ಥನ ನಾಲ್ಕು ಸುಖಗಳಲ್ಲಿ ಅನಣ ಸುಖ, ಅಂದರೆ ಋಣವಿಲ್ಲದ ಸುಖವೂ ಒಂದು. ಸಾಲಗಾರನೊಬ್ಬ ಓಡಿಬಂದು ಭಿಕ್ಖುವಾದಾಗ ಜನ ಆಕ್ಷೇಪಿಸಿದರು; ಸಾಲವಿರುವವನಿಗೆ ಪ್ರವ್ರಜ್ಯೆ ಕೊಡಬಾರದೆಂದು ಬುದ್ಧರು ನಿಯಮ ಮಾಡಿದರು. ಮೊದಮೊದಲು ನನಗೆ ಈ ನಿಯಮ ಕಹಿ ಎನಿಸುತ್ತಿತ್ತು. ಈಗ ಅನಿಸುವುದು ಬೇರೆ: ಸಂಘ ಅಡಗುತಾಣವಲ್ಲ ಎಂದರು, ಸಾಲಗಾರ ಪಾಪಿ ಎನ್ನಲಿಲ್ಲ.

ನಮ್ಮ ಕಡೆ “ದಿವಾಳಿ ಎದ್ದ” ಎಂಬುದು ಬೈಗುಳ. ಕಾನೂನಿನಲ್ಲಿ ಅದೊಂದು ಅರ್ಜಿ. 2016ರ ದಿವಾಳಿ ಸಂಹಿತೆಯಲ್ಲಿ ಕಂಪನಿಗಳ ಕೋಟಿಗಟ್ಟಲೆ ಸಾಲ ಕಡಿಮೆಯಾಗುತ್ತದೆ, ಯಾರೂ ಅವರ ಬಾಗಿಲಲ್ಲಿ ಕೂತು ಕೂಗುವುದಿಲ್ಲ. ಅದೇ ಸಂಹಿತೆಯಲ್ಲಿ ವ್ಯಕ್ತಿಗಳಿಗಾಗಿ ಬರೆದ ಭಾಗ 2019ರ ಡಿಸೆಂಬರ್ 1ರಂದು ಜಾರಿಯಾದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಕೂಲಿಯವರಿಗೆ ಉಳಿದಿರುವುದು ಬ್ರಿಟಿಷರ ಕಾಲದ 1920ರ ಕಾಯ್ದೆ. ತೀರಿಸಲಾಗದ ಸಾಲ 500 ರೂಪಾಯಿ ಇದ್ದರೂ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆದರೆ ಅಡವಿಟ್ಟ ಮನೆಯ ಮೇಲೆ ಸಾಲ ಕೊಟ್ಟವರ ಹಕ್ಕು ಹಾಗೇ ಉಳಿಯುತ್ತದೆ.

ಆ ಹಕ್ಕಿಗೂ ಕ್ರಮವಿದೆ. ಬ್ಯಾಂಕಿನವರು 2002ರ ಸರ್ಫೇಸಿ ಕಾಯ್ದೆಯಡಿ ಮನೆ ವಶಕ್ಕೆ ತೆಗೆದುಕೊಳ್ಳಬೇಕಾದರೆ ಮೊದಲು 60 ದಿನದ ನೋಟಿಸ್ ಕೊಡಬೇಕು. ನಾವು ತಕರಾರು ಬರೆದು ಕೊಟ್ಟರೆ 15 ದಿನದಲ್ಲಿ ಉತ್ತರಿಸಬೇಕು. ವಶಕ್ಕೆ ತೆಗೆದುಕೊಂಡರೂ 45 ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಇನ್ನು ಗುಂಪಿನ ಸಾಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲಕ್ಕೆ ಅಡವೇ ಇರುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. 2025ರ ಫೆಬ್ರವರಿ 12ರಂದು ನಮ್ಮ ರಾಜ್ಯದಲ್ಲಿ ಬಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಹಾಗಿರುವಾಗ ಗುಂಪಿನ ಸಾಲಕ್ಕೆಂದು ಬಾಗಿಲಿಗೆ ಬೀಗ ಜಡಿದು ಹೋಗುವವನು ತೆಗೆದುಕೊಳ್ಳುತ್ತಿರುವುದು ಏನನ್ನು? ಆ ಮನೆಯನ್ನು ಅವನಿಗೆ ಯಾರೂ ಕೊಟ್ಟಿಲ್ಲ. ಎರಡನೇ ಶೀಲವನ್ನು ಅವನಿಗೂ ಓದಿ ಹೇಳಬೇಕು.

ಕಳೆದ ವಾರ ಫೋನ್ ಮಾಡಿದೆ. ಮೂರು ಸಲ ಎತ್ತಲಿಲ್ಲ, ವಸೂಲಿಯವರೆಂದು ತಿಳಿದಿದ್ದಳಂತೆ. ಮೊದಲು ತಪ್ಪಾಯಿತು ಅಂದೆ. ಆಮೇಲೆ, “ಶೀಲ ಮುರಿದಿಲ್ಲವ್ವ” ಅಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ಫೈನಾನ್ಸಿನೋರದು ಬಿಡ್ರಿ ಅಕ್ಕೋರ. ನನ್ನ ಕಂತು ಗುಂಪಿನ ನಾಲ್ಕು ಮಂದಿ ಕಟ್ಯಾರ. ಒಬ್ಬಾಕಿ ಕಿವಿಯೋಲೆ ಇಟ್ಟಾಳ. ಅವರಿಗೇನ್ ಹೇಳ್ಲಿ?”

ಇದಕ್ಕೆ ಕಾನೂನಿನಲ್ಲೂ ನನ್ನ ಓದಿನಲ್ಲೂ ಸಿದ್ಧ ಉತ್ತರ ಸಿಗಲಿಲ್ಲ. ಆ ನಾಲ್ವರೂ ಸಾಲ ಕೊಟ್ಟವರಲ್ಲ, ಅವರೂ ಕೂಲಿಯವರೇ. ಬಾಬಾಸಾಹೇಬರು ಧಮ್ಮಕ್ಕೆ ಬಂಧುತ್ವದ ಅರ್ಥ ಕೊಟ್ಟದ್ದನ್ನು ನಾವು ಭಾಷಣದಲ್ಲಿ ಹೇಳುತ್ತೇವೆ. ಕಿವಿಯೋಲೆಯ ಲೆಕ್ಕ ಭಾಷಣದಲ್ಲಿ ಬರುವುದಿಲ್ಲ. “ಆ ನಾಲ್ವರನ್ನು ಕೂಡಿಸಿ ನಾನೇ ಮಾತಾಡ್ತೀನಿ, ಮೊದಲ ಕಂತು ನಂದು” ಅಂದೆ. ಅವಳು ಹೂಂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ.

ಸೋಮವಾರ ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅವಳ ಕಾಗದ ಒಯ್ಯುತ್ತಿದ್ದೇನೆ. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ. ನಿಮ್ಮ ಮನೆಯಲ್ಲೂ ಇಂಥ ನೋಟಿಸ್ ಇದ್ದರೆ ಭಾನುವಾರ ವಂದನೆಗೆ ಬರುವಾಗ ತನ್ನಿ. ಮಡಚಿ ತಂದರೂ ಸಾಕು, ಎಲ್ಲರ ಮುಂದೆ ಬಿಚ್ಚಿಸುವುದಿಲ್ಲ.

ಜೈ ಭೀಮ್.